ಮಲೇರಿಯಾ ತಲೆಗೆ ಏರಿದಾಗ ಲ್ಯಾಕ್ಟಿಕ್ ಆಮ್ಲ ಹೆಚ್ಚುವುದೇಕೆ? ಮೊಸರು ಬಿಡಬೇಕಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ನನ್ನ ತಮ್ಮ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದ. ಊರಿಗೆ ಬಂದು ವಾರಕ್ಕೆ ಚಳಿಜ್ವರ ಹಿಡಿಯಿತು. ಮೂರು ದಿನ ಮೆಡಿಕಲ್ ಶಾಪಿನ ಗುಳಿಗೆಯಲ್ಲೇ ಕಳೆದೆವು. ನಾಲ್ಕನೇ ದಿನ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತು. ರಾಯಚೂರಿನಲ್ಲಿ ಐಸಿಯುಗೆ ಸೇರಿಸಿದೆವು. 'ಮಲೇರಿಯಾ ಮೆದುಳಿಗೆ ಏರಿದೆ, ಲ್ಯಾಕ್ಟೇಟ್ 6.4 ಇದೆ, ಈಗಲೇ ಏನೂ ಹೇಳೋಕೆ ಆಗಲ್ಲ' ಅಂದರು. ಈಗ ಹುಷಾರಾಗಿ ಮನೆಗೆ ಬಂದಿದ್ದಾನೆ. ಮೊಸರಿನಲ್ಲೂ ಲ್ಯಾಕ್ಟಿಕ್ ಆಮ್ಲ ಇರುತ್ತೆ ಅಂತ ಯಾರೋ ಹೇಳಿದ್ದಕ್ಕೆ ಅವ್ವ ಮೊಸರು, ಮಜ್ಜಿಗೆ ಎರಡೂ ನಿಲ್ಲಿಸಿದ್ದಾಳೆ. ಇದು ಸರೀನಾ? ಈ ಆಮ್ಲ ಇಳಿಸೋಕೆ ಔಷಧಿ ಯಾಕೆ ಕೊಡಲಿಲ್ಲ? ಮುಂದೆ ಮೆದುಳಿಗೆ ತೊಂದರೆ ಇದೆಯಾ?

ಉತ್ತರ: ಮೊದಲು ಅವ್ವನಿಗೆ ಹೇಳಿ, ಮೊಸರನ್ನ ಧಾರಾಳವಾಗಿ ಕೊಡಲಿ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರೋದು ನಿಜ. ಆದರೆ ನಿಮ್ಮ ತಮ್ಮನ ರಕ್ತದಲ್ಲಿ ಏರಿದ್ದು ಊಟದಿಂದ ಬಂದದ್ದಲ್ಲ. ಅದು ಅವನ ದೇಹದೊಳಗೇ ತಯಾರಾದದ್ದು. ಜ್ವರದಿಂದ ಸೊರಗಿದ ಹುಡುಗನಿಗೆ ಈಗ ಊಟ ಸೇರಬೇಕು.

ಇನ್ನು ಆ 6.4ರ ವಿಷಯ. ಲ್ಯಾಕ್ಟೇಟ್ ಅಂದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ. ಆರೋಗ್ಯವಂತರ ರಕ್ತದಲ್ಲಿ ಅದು ಲೀಟರಿಗೆ 2 ಮಿಲಿಮೋಲ್ ಒಳಗೆ ಇರುತ್ತದೆ. ಮಲೇರಿಯಾ ರೋಗಿಯಲ್ಲಿ ಅದು 5 ಮುಟ್ಟಿತು ಅಂದರೆ ತೀವ್ರ ಮಲೇರಿಯಾ ಅಂತಲೇ ಲೆಕ್ಕ. ಕೆಲವು ಲ್ಯಾಬ್‌ಗಳು ಡೆಸಿಲೀಟರಿಗೆ (100 ಮಿಲಿಲೀಟರಿಗೆ) ಇಷ್ಟು ಮಿಲಿಗ್ರಾಂ ಅಂತ ಬರೆಯುತ್ತವೆ. ಆಗ ಅದೇ 5 ಎಂಬುದು ಸುಮಾರು 45 ಆಗಿ ಕಾಣುತ್ತದೆ. ರಿಪೋರ್ಟ್ ಓದುವಾಗ ಅಂಕಿಯ ಪಕ್ಕದ ಅಳತೆಯನ್ನೂ ನೋಡಿ, ಸುಮ್ನೆ ಗಾಬರಿಯಾಗಬೇಡಿ.

ಅದು ಏರುವುದು ಹೇಗೆ ಅಂತ ಕೇಳಿ. ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಸಕ್ಕರೆಯನ್ನು ಉರಿಸುತ್ತವೆ. ಆಮ್ಲಜನಕ ಸಾಲದಿದ್ದರೆ ಅರ್ಧಂಬರ್ಧ ಉರಿಸಿ, ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಬಿಡುತ್ತವೆ. ಫಾಲ್ಸಿಪಾರಂ ಜಾತಿಯ ಮಲೇರಿಯಾದಲ್ಲಿ ರೋಗಾಣು ಹೊಕ್ಕ ಕೆಂಪು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳು ಏಳುತ್ತವೆ. ಅಂಥ ಕಣ ಸಪೂರ ರಕ್ತನಾಳದ ಗೋಡೆಗೆ ಅಂಟಿ ನಿಂತುಬಿಡುತ್ತದೆ. ಮೆದುಳಿನಲ್ಲಂತೂ ಕೂದಲಿಗಿಂತ ಸಪೂರದ ನಾಳಗಳೇ ತುಂಬ. ನಿಮಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಕಷ್ಟ ಗೊತ್ತೇ ಇದೆ. ಅಣೆಕಟ್ಟಿನಲ್ಲಿ ನೀರಿದ್ದರೂ ದಾರಿಯಲ್ಲಿ ತಡೆಯಾದರೆ ಕೊನೆಯ ಹೊಲಕ್ಕೆ ಮುಟ್ಟಲ್ಲ. ಇಲ್ಲೂ ಅಷ್ಟೇ. ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಿರುತ್ತದೆ, ತುದಿಯ ಜೀವಕೋಶಕ್ಕೆ ಆಮ್ಲಜನಕ ಮಾತ್ರ ಸಿಗಲ್ಲ.

ಮೆದುಳು ಹೀಗೆ ಒದ್ದಾಡುವುದಕ್ಕೆ ನೇರ ಸಾಕ್ಷಿಯೂ ಇದೆ. ಈ ರೋಗಿಗಳ ಬೆನ್ನುಹುರಿಯ ನೀರು ತೆಗೆದು ನೋಡಿದಾಗ ಅದರಲ್ಲೂ ಲ್ಯಾಕ್ಟೇಟ್ ಜಾಸ್ತಿ ಸಿಕ್ಕಿದೆ. 1980ರ ದಶಕದಲ್ಲಿ ಥಾಯ್ಲೆಂಡ್‌ನಲ್ಲಿ ಕೆಲಸ ಮಾಡಿದ ವೈದ್ಯರ ತಂಡ ಇದನ್ನು ಅಳೆದು ತೋರಿಸಿತು. ಉಳಿದವರಿಗಿಂತ ತೀರಿಕೊಂಡವರಲ್ಲಿ ಆ ಪ್ರಮಾಣ ಹೆಚ್ಚಿತ್ತು. ನಿಮ್ಮ ವೈದ್ಯರು 'ಏನೂ ಹೇಳೋಕೆ ಆಗಲ್ಲ' ಅಂದದ್ದು ಇಂಥ ಅನುಭವದ ಮೇಲೆಯೇ.

ರೋಗಾಣುವಿನ ಪಾಲೂ ಇದೆ. ಅದು ಹೊಕ್ಕ ರಕ್ತಕಣ ಮಾಮೂಲಿ ಕಣಕ್ಕಿಂತ ಹತ್ತಾರು ಪಟ್ಟು ಸಕ್ಕರೆ ತಿನ್ನುತ್ತದೆ. ತಿಂದದ್ದರಲ್ಲಿ ಬಹುಪಾಲು ಲ್ಯಾಕ್ಟಿಕ್ ಆಮ್ಲವಾಗಿಯೇ ರಕ್ತಕ್ಕೆ ಬರುತ್ತದೆ. ಫಿಟ್ಸ್ ಬಂದಾಗ ಸ್ನಾಯುಗಳು ಇನ್ನಷ್ಟು ಸೇರಿಸುತ್ತವೆ. ಇದನ್ನು ಖಾಲಿ ಮಾಡಬೇಕಾದದ್ದು ಮುಖ್ಯವಾಗಿ ಲಿವರ್, ಜೊತೆಗೆ ಕಿಡ್ನಿ. ಲಿವರ್ ಲ್ಯಾಕ್ಟೇಟನ್ನು ತಿರುಗಿ ಸಕ್ಕರೆ ಮಾಡುತ್ತದೆ. ಕಾಯಿಲೆಯಲ್ಲಿ ಅದೇ ಸೋತಿರುತ್ತದೆ. ಹಾಗಾಗಿ ಲ್ಯಾಕ್ಟೇಟ್ ಏರುತ್ತಿದ್ದಂತೆ ರಕ್ತದ ಸಕ್ಕರೆ ಕುಸಿಯುವುದುಂಟು. ಸಕ್ಕರೆ ಕುಸಿದರೂ ಪ್ರಜ್ಞೆ ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಐಸಿಯುದಲ್ಲಿ ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುತ್ತಿದ್ದರಲ್ವಾ, ಅದಕ್ಕೇ.

ಆಮ್ಲ ಏರಿದವರ ಉಸಿರು ಆಳವಾಗಿ, ಜೋರಾಗಿ ಓಡುತ್ತದೆ. ನೋಡಿದವರಿಗೆ ನ್ಯುಮೋನಿಯಾ ಅನಿಸಬಹುದು. ಜ್ವರದ ಜೊತೆ ಇಂಥ ಉಸಿರು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.

ಆಮ್ಲ ಇಳಿಸುವ ಔಷಧಿ ಯಾಕೆ ಇಲ್ಲ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಡೈಕ್ಲೋರೋಅಸಿಟೇಟ್ ಎಂಬ ಔಷಧಿ ಲ್ಯಾಕ್ಟೇಟನ್ನು ಇಳಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅದರಿಂದ ಜೀವ ಉಳಿಯುತ್ತದೆ ಅಂತ ಮಾತ್ರ ಸಾಬೀತಾಗಿಲ್ಲ. ಸಲೈನ್ ಜಾಸ್ತಿ ಏರಿಸಿದರೆ ಆಮ್ಲ ತೊಳೆದುಹೋಗುತ್ತೆ ಅನ್ನುವ ನಂಬಿಕೆಯೂ ಇತ್ತು. ಆದರೆ ತೀವ್ರ ಜ್ವರ ಬಂದ ಆಫ್ರಿಕಾದ ಮಕ್ಕಳಿಗೆ ಹಾಗೆ ಒಮ್ಮೆಲೇ ಏರಿಸಿದಾಗ ಸಾವು ಹೆಚ್ಚಾಯಿತು. 2011ರಲ್ಲಿ ಇದು ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. 'ಇನ್ನೊಂದು ಬಾಟಲಿ ಹಾಕಿ ಸಾರ್' ಅಂತ ಒತ್ತಾಯ ಮಾಡುವ ಸಂಬಂಧಿಕರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ.

ಲ್ಯಾಕ್ಟೇಟ್ ಇಳಿಯಬೇಕಾದರೆ ರೋಗಾಣು ಸಾಯಬೇಕು. ಅದಕ್ಕೆ ಆರ್ಟಿಸುನೇಟ್ ಇಂಜೆಕ್ಷನ್ ಇದೆ: ಸೇರಿದ ಕೂಡಲೇ ಒಂದು, 12 ಗಂಟೆಗೆ ಇನ್ನೊಂದು, 24 ಗಂಟೆಗೆ ಮತ್ತೊಂದು, ಆಮೇಲೆ ದಿನಕ್ಕೊಂದು. ಬಾಯಲ್ಲಿ ನುಂಗುವಂತಾದ ಮೇಲೆ ಮಾತ್ರೆಯ ಪೂರ್ತಿ ಕೋರ್ಸ್. ಹಳೆಯ ಕ್ವಿನೈನ್ ಮುಖ್ಯವಾಗಿ ಬಲಿತ ರೋಗಾಣುವನ್ನು ಕೊಲ್ಲುತ್ತಿತ್ತು. ಆರ್ಟಿಸುನೇಟ್ ಎಳೆಯದನ್ನೂ ಕೊಲ್ಲುತ್ತದೆ, ಅಂದರೆ ಅದು ನಾಳಕ್ಕೆ ಅಂಟುವ ಮೊದಲೇ. ಭಾರತವೂ ಸೇರಿ ನಾಲ್ಕು ದೇಶಗಳ 1461 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ 2005ರಲ್ಲಿ ಫಲಿತಾಂಶ ಕೊಟ್ಟರು. ಕ್ವಿನೈನ್ ಪಡೆದ ನೂರು ಜನರಲ್ಲಿ 22 ಮಂದಿ ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ 15. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ಆರ್ಟಿಸುನೇಟ್ ಶುರುವಾದ ಮೇಲೆ ಕೆಲವು ಗಂಟೆ ಬಿಟ್ಟು ತೆಗೆದ ಲ್ಯಾಕ್ಟೇಟ್ ಮೊದಲನೆಯದಕ್ಕಿಂತ ಹೆಚ್ಚು ಮಾತಾಡುತ್ತದೆ. ಇಳಿಯುತ್ತಿದ್ದರೆ ಒಳ್ಳೆಯ ಸೂಚನೆ. ಇಳಿಯದಿದ್ದರೆ ನಮಗೂ ಆತಂಕ.

ಮುಂದಿನ ತೊಂದರೆಯ ಬಗ್ಗೆ: ಎಚ್ಚರವಾದ ದೊಡ್ಡವರಲ್ಲಿ ಬಹಳಷ್ಟು ಮಂದಿ ಪೂರ್ತಿ ಸರಿಹೋಗುತ್ತಾರೆ. ಮಕ್ಕಳಲ್ಲಿ ಕೈಕಾಲು ಬಲ, ಮಾತು, ಕಲಿಕೆಯಲ್ಲಿ ತೊಂದರೆ ಉಳಿಯುವುದು ಜಾಸ್ತಿ. ನಿಮ್ಮ ತಮ್ಮನಿಗೆ ಮತ್ತೆ ಫಿಟ್ಸ್ ಬಂದರೆ, ನಡಿಗೆ ತಡವರಿಸಿದರೆ ಕೂಡಲೇ ಕರೆದುಕೊಂಡು ಹೋಗಿ. ಇನ್ನೊಂದು ಮಾತು. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಒಂದರಿಂದ ನಾಲ್ಕು ವಾರದೊಳಗೆ ರಕ್ತಕಣ ಒಡೆದು ರಕ್ತ ಕಡಿಮೆಯಾಗುತ್ತದೆ. ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಅದಾಗುವವರೆಗೆ ಅವನನ್ನು ಮತ್ತೆ ಗುಳೆ ಕಳಿಸಬೇಡಿ.

ಪ್ರಶ್ನೆ: ಗಂಗಾವತಿಯಿಂದ ಬರೆಯುತ್ತಿದ್ದೇನೆ. ಮಗಳಿಗೆ ಫಾಲ್ಸಿಪಾರಂ ಮಲೇರಿಯಾ ಆಗಿ ಗುಣವಾಗಿತ್ತು. ಎರಡು ವಾರದ ಮೇಲೆ ನೆಗಡಿ ಜ್ವರ ಬಂತು. ಆಶಾ ಅಕ್ಕ ಕಿಟ್‌ನಲ್ಲಿ ನೋಡಿದರೆ ಮತ್ತೆ ಗೆರೆ ಮೂಡಿತು. ಗಾಜಿನ ಮೇಲೆ ರಕ್ತ ಹಚ್ಚಿ ನೋಡಿದವರು ಏನೂ ಇಲ್ಲ ಅನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಗಾಜಿನ ಮೇಲಿನ ರಕ್ತವನ್ನು ನಂಬಿ. ಕಿಟ್‌ನ ಫಾಲ್ಸಿಪಾರಂ ಗೆರೆ ಹಿಡಿಯುವುದು ರೋಗಾಣು ಬಿಟ್ಟ ಒಂದು ಪ್ರೋಟೀನನ್ನು. ರೋಗಾಣು ಸತ್ತ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಮಲೇರಿಯಾದ ಇನ್ನೊಂದು ಜಾತಿಯಾದ ವೈವಾಕ್ಸ್‌ನ ಗೆರೆ ಹಾಗಲ್ಲ. ಅದು ಹಿಡಿಯುವುದು ರೋಗಾಣು ಲ್ಯಾಕ್ಟಿಕ್ ಆಮ್ಲ ತಯಾರಿಸಲು ಬಳಸುವ ಕಿಣ್ವವನ್ನೇ. ರೋಗಾಣು ಸತ್ತರೆ ಆ ಕಿಣ್ವ ಬೇಗ ಮಾಯವಾಗುತ್ತದೆ. ಮಗಳಿಗೆ ಈಗ ಮಲೇರಿಯಾ ಮಾತ್ರೆ ಮತ್ತೆ ಬೇಡ. ಜ್ವರ ಬಿಡದಿದ್ದರೆ ಮರುದಿನ ಇನ್ನೊಮ್ಮೆ ರಕ್ತ ಹಚ್ಚಿಸಿ ನೋಡಿ, ಡೆಂಗಿ ಪರೀಕ್ಷೆಯನ್ನೂ ಮಾಡಿಸಿ.