ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಸರ್ಕಾರವೇ ಹೊಸ ಸೂಜಿ ಕೊಟ್ಟರೆ ಚಟ ಜಾಸ್ತಿ ಆಗಲ್ವಾ?

ಇಲ್ಲ. ಸೂಜಿ ಹಂಚಿದ ದೇಶಗಳಲ್ಲಿ ಚಟ ಹೆಚ್ಚಿಲ್ಲ, ಎಚ್‌ಐವಿ ಕಡಿಮೆಯಾಗಿದೆ.

ಸೋಂಕು ದಾಟುವ ರೀತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಚುಚ್ಚಿಕೊಳ್ಳುವಾಗ ಸಿರಿಂಜಿನೊಳಗೆ ಸ್ವಲ್ಪ ರಕ್ತ ಬರುತ್ತದೆ, ಆಮೇಲೂ ಕಣ್ಣಿಗೆ ಕಾಣದಷ್ಟು ಅಲ್ಲೇ ಉಳಿಯುತ್ತದೆ. ಅದೇ ಸಿರಿಂಜ್ ಗೆಳೆಯನ ಕೈಗೆ ಹೋದರೆ ಆ ರಕ್ತ ನೇರವಾಗಿ ಅವನ ಮೈ ಸೇರುತ್ತದೆ. ಸುಮ್ನೆ ನೀರಲ್ಲಿ ತೊಳೆದರೆ ಸಾಲದು. ಚಮಚ, ಹತ್ತಿ, ನೀರು ಹಂಚಿಕೊಂಡರೂ ಲಿವರ್ ಹಾಳುಮಾಡುವ ಹೆಪಟೈಟಿಸ್ ಸಿ ಸೋಂಕು ಬರಬಹುದು.

1990ರ ಸುಮಾರಿಗೆ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ಹುಡುಗರಲ್ಲಿ ಎಚ್‌ಐವಿ ಕಾಳ್ಗಿಚ್ಚಿನಂತೆ ಹಬ್ಬಿದ್ದು ಹೀಗೇ. ಪೊಲೀಸರ ಭಯ ಇದ್ದಲ್ಲಿ ಜನ ಬಚ್ಚಿಟ್ಟುಕೊಂಡು ಒಂದೇ ಸೂಜಿ ಬಳಸುತ್ತಾರೆ. ಈಗ ಅಲ್ಲಿ, ಹಿಂದೆ ಇದೇ ಚಟದಲ್ಲಿದ್ದವರೇ ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸ್ ತಗೊಳ್ಳುತ್ತಾರೆ. ಅವರ ಮಾತಿಗೆ ಇರುವ ಬೆಲೆ ಡಾಕ್ಟರ ಮಾತಿಗೂ ಇರುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಈ ಕೆಲಸಕ್ಕೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿದೆ.

ಸೂಜಿ ಬಿಡಲು ಸಿದ್ಧವಿರುವವರಿಗೆ, ಹೆರಾಯಿನ್‌ನಂಥ ಡ್ರಗ್ಸ್‌ಗೆ ಬದಲಾಗಿ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಇದೆ. ಸಾಮಾನ್ಯವಾಗಿ ಚಿಕಿತ್ಸಾ ಕೇಂದ್ರದಲ್ಲಿ ಸಿಬ್ಬಂದಿಯ ಎದುರೇ ನಾಲಿಗೆ ಕೆಳಗೆ ಇಟ್ಟು ಕರಗಿಸಿಕೊಳ್ಳಬೇಕು. ಡ್ರಗ್ಸ್ ನಿಲ್ಲಿಸಿದಾಗ ಬರುವ ಮೈಕೈ ನೋವು, ನಡುಕ, ಚಡಪಡಿಕೆ ತಗ್ಗುತ್ತದೆ, ಆ ಮನುಷ್ಯ ಕೆಲಸಕ್ಕೆ ಹೋಗಬಲ್ಲ.

ಈಗಾಗಲೇ ಎಚ್‌ಐವಿ ಸೋಂಕಿದ್ದರೆ, ಅದಕ್ಕೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಔಷಧಿ ಉಚಿತ. 'ಮೊದಲು ಚಟ ಬಿಟ್ಟು ಬಾ' ಅಂತ ಯಾರನ್ನೂ ವಾಪಸ್ ಕಳಿಸಬಾರದು, ಅದು ಅನ್ಯಾಯ. ಅವರೂ ತಪ್ಪದೆ ಮಾತ್ರೆ ನುಂಗಿದರೆ ವೈರಸ್ ಪರೀಕ್ಷೆಯಲ್ಲೂ ಕಾಣದಷ್ಟು ಇಳಿಯುತ್ತದೆ. ಆಗ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಸೂಜಿ ಮಾತ್ರ ಆಗಲೂ ಹಂಚಿಕೊಳ್ಳಬಾರದು.

ನಿಮ್ಮವರಿಗೆ ಯಾರಿಗಾದರೂ ಸಹಾಯ ಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ.