ಭದ್ರತಾ ಲೇಬಲ್ ಹಚ್ಚಿದರೆ ಬೀಗ ಹಾಕಿದಂತೆಯೇ?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೇನೆ. ಯಾವ ಟೇಬಲನ್ನು ಯಾರು ಓದಬಹುದೆಂಬುದನ್ನು ಅನುಮತಿ ಕೊಡುವ ಗ್ರಾಂಟ್, ಹಿಂಪಡೆಯುವ ರಿವೋಕ್ ಆದೇಶಗಳಿಂದಲೇ ನಿಗದಿ ಮಾಡಿದ್ದೇವೆ. ಹೀಗಿರುವಾಗ ಭದ್ರತಾ ಲೇಬಲ್‌ಗಳು ಏಕೆ ಬೇಕು? ಅವು ಡೇಟಾಬೇಸ್‌ನ ಎಲ್ಲ ಅಧಿಕಾರವಿರುವ ಸೂಪರ್‌ಯೂಸರನ್ನೂ ತಡೆಯುತ್ತವೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಟೇಬಲ್ ಯಾರದೋ ಅನುಮತಿ ಕೊಡುವ ಹಕ್ಕೂ ಅವರದೇ ಎಂಬುದು ಗ್ರಾಂಟ್ ವ್ಯವಸ್ಥೆಯ ತಳಹದಿ, ಮತ್ತು ಅದರ ದೌರ್ಬಲ್ಯವೂ ಅದೇ. ರಕ್ತಪರೀಕ್ಷೆಯ ವರದಿಗಳನ್ನು ಓದಲು ಅನುಮತಿಯಿರುವ ವೈದ್ಯರೊಬ್ಬರು ಅವನ್ನೆಲ್ಲ ತಮ್ಮದೇ ಹೊಸ ಟೇಬಲ್‌ಗೆ ನಕಲು ಮಾಡಿಕೊಂಡು ಎಲ್ಲರಿಗೂ ತೆರೆದಿಟ್ಟರೆ, ನೀವು ಹಾಕಿದ ಒಂದು ನಿಯಮವೂ ಮುರಿದಂತಾಗುವುದಿಲ್ಲ. ಆದರೂ ರೋಗಿಯ ಗುಟ್ಟು ಬಯಲಾಗಿರುತ್ತದೆ. ವೈದ್ಯರಿಗೆ ದುರುದ್ದೇಶವೇ ಇರಬೇಕೆಂದಿಲ್ಲ, ಅವರ ಹೆಸರಿನಲ್ಲಿ ಓಡುವ ಒಂದು ಕೆಟ್ಟ ಪ್ರೋಗ್ರಾಂ ಸಾಕು.

ಕಡ್ಡಾಯ ನಿಯಂತ್ರಣದಲ್ಲಿ, ಅಂದರೆ ಮಾಹಿತಿಗೂ ಬಳಕೆದಾರರಿಗೂ ಗೋಪ್ಯತೆಯ ಹಂತ ಸೂಚಿಸುವ ಭದ್ರತಾ ಲೇಬಲ್ ಹಚ್ಚಿ ಹೋಲಿಸುವ ಪದ್ಧತಿಯಲ್ಲಿ, ಈ ತೀರ್ಮಾನ ಮಾಲೀಕರದ್ದಲ್ಲ, ಇಡೀ ವ್ಯವಸ್ಥೆಯ ನೀತಿಯದ್ದು. 1973ರಲ್ಲಿ ಅಮೆರಿಕದ ಮೈಟರ್ ಸಂಸ್ಥೆಯಲ್ಲಿ ಡೇವಿಡ್ ಬೆಲ್ ಮತ್ತು ಲಿಯೊನಾರ್ಡ್ ಲಾಪಡುಲಾ ರೂಪಿಸಿದ ಮಾದರಿಯ ಪ್ರಕಾರ, ಕೆಳಹಂತದವರು ಮೇಲಿನದನ್ನು ಓದುವಂತಿಲ್ಲ, ಮೇಲಿನ ಹಂತದಲ್ಲಿ ಕೆಲಸ ಮಾಡುತ್ತಿರುವವರು ಕೆಳಗಿನದರಲ್ಲಿ ಬರೆಯುವಂತಿಲ್ಲ. ಆ ನಕಲನ್ನು ತಡೆಯುವುದು ಈ ಎರಡನೆಯ ನಿಯಮವೇ. ನನ್ನ ಮಟ್ಟಿಗೆ ಇದೇ ಇಡೀ ಮಾದರಿಯ ಜೀವಾಳ.

ಪೋಸ್ಟ್‌ಗ್ರೆಸ್‌ನಲ್ಲಿ ಸೆಕ್ಯುರಿಟಿ ಲೇಬಲ್ ಆದೇಶ 2011ರ 9.1 ಆವೃತ್ತಿಯಿಂದ ಇದೆ. ಆದರೆ ಅದು ಲೇಬಲನ್ನು ಬರೆದಿಡುತ್ತದೆಯೇ ಹೊರತು ತಾನಾಗಿ ಯಾರನ್ನೂ ತಡೆಯುವುದಿಲ್ಲ. ಲೇಬಲನ್ನು ಓದಿ ಬೇಡವೆನ್ನಲು ಎಸ್‌ಇಪಿಜಿಎಸ್‌ಕ್ಯೂಎಲ್‌ನಂಥ ಮಾಡ್ಯೂಲ್ ಬೇಕು. ಅದು ಲಿನಕ್ಸ್‌ನ ಕಡ್ಡಾಯ ನಿಯಂತ್ರಣ ವ್ಯವಸ್ಥೆಯಾದ ಎಸ್‌ಇಲಿನಕ್ಸ್‌ನ ನೀತಿಯನ್ನು ಕೇಳಿ ಟೇಬಲ್, ಕಾಲಂಗಳ ಮಟ್ಟದಲ್ಲಿ ತೀರ್ಮಾನಿಸುತ್ತದೆ, ಸಾಲುಗಳ ಮಟ್ಟದಲ್ಲಿ ಅಲ್ಲ. 9.5ರಲ್ಲಿ ಬಂದ ಸಾಲು ಮಟ್ಟದ ಭದ್ರತೆ ಬೇರೆಯೇ ಸೌಲಭ್ಯ, ಮತ್ತು ಸೂಪರ್‌ಯೂಸರ್‌ಗೆ ಅದು ಅನ್ವಯಿಸುವುದಿಲ್ಲ.

ಸಾಲುಗಳಿಗೂ ಲೇಬಲ್ ಹಚ್ಚುವ ಡೇಟಾಬೇಸ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. 417ನೆಯ ಸಂಖ್ಯೆಯ ರೋಗಿಯ ಸಾಲು ಗುಮಾಸ್ತರಿಗೆ ಕಾಣಿಸುವುದಿಲ್ಲ ಎಂದುಕೊಳ್ಳಿ. ಅವರು ಅದೇ ಸಂಖ್ಯೆಯಲ್ಲಿ ಹೊಸ ಸಾಲು ಸೇರಿಸಲು ಹೋದಾಗ ‘ಈ ಸಂಖ್ಯೆ ಈಗಾಗಲೇ ಇದೆ’ ಎಂಬ ದೋಷಸಂದೇಶ ಬಂದರೆ, ಮುಚ್ಚಿಟ್ಟ ಸಾಲೊಂದು ಇದೆಯೆಂಬುದು ಅಷ್ಟರಲ್ಲೇ ತಿಳಿದುಹೋಯಿತು. ಇದಕ್ಕೆ ಪರಿಹಾರವಾಗಿ ಲೇಬಲನ್ನೂ ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀಯ ಭಾಗವಾಗಿಸಿ ಒಂದೇ ಸಂಖ್ಯೆಯ ಎರಡು ಸಾಲುಗಳಿಗೆ ಅವಕಾಶ ಕೊಡುವುದುಂಟು. ಆಗ ಯಾವ ಸಾಲು ನಿಜ ಎಂಬ ಗೊಂದಲವನ್ನು ಆಸ್ಪತ್ರೆಯೇ ಹೊರಬೇಕಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು: ಎಸ್‌ಇಪಿಜಿಎಸ್‌ಕ್ಯೂಎಲ್ ಜಾರಿಯಲ್ಲಿದ್ದರೆ ಸೂಪರ್‌ಯೂಸರ್ ಮಾಡುವ ಸೆಲೆಕ್ಟ್ (ಓದುವ ಆದೇಶ) ಕೂಡ ನೀತಿಯ ಪರೀಕ್ಷೆಗೆ ಒಳಪಡುತ್ತದೆ. ಆದರೆ ಅದೇ ವ್ಯಕ್ತಿಗೆ ಸರ್ವರ್‌ನ ರೂಟ್, ಅಂದರೆ ಲಿನಕ್ಸ್‌ನ ಮುಖ್ಯ ಆಡಳಿತಗಾರ ಖಾತೆಯ ಪಾಸ್‌ವರ್ಡ್ ಕೂಡ ಇದ್ದರೆ, ಅವರು ಎಸ್‌ಇಲಿನಕ್ಸನ್ನು ಪರ್ಮಿಸಿವ್ ಸ್ಥಿತಿಗೆ ತಂದ ಕ್ಷಣದಿಂದ ನಿರಾಕರಣೆ ನಿಂತು ಲಾಗ್ ಬರೆಯುವುದಷ್ಟೇ ಉಳಿಯುತ್ತದೆ. ಆದ್ದರಿಂದ ಮೊದಲು ಈ ಎರಡು ಅಧಿಕಾರಗಳನ್ನು ಇಬ್ಬರಿಗೆ ಹಂಚಿ, ಆಮೇಲೆ ಲೇಬಲ್ ಹಚ್ಚಲು ತೊಡಗಿ.