ಫ್ರೆಸ್ನೋದ ಬಾಣಂತಿಯೂ ತಣ್ಣೀರು ಮುಟ್ಟುವುದಿಲ್ಲ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೆಸ್ನೋ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅಲ್ಲಿಗೆ ಬರುವವರು ಹೆಚ್ಚಾಗಿ ಮೆಕ್ಸಿಕೋ ಮೂಲದ ದ್ರಾಕ್ಷಿ ತೋಟದ ಕೂಲಿಗಳಂತೆ. ಬಾಣಂತಿಯರು 40 ದಿನ ತಣ್ಣೀರು ಮುಟ್ಟುವುದಿಲ್ಲ, ಮಗುವಿಗೆ ದೃಷ್ಟಿಯಾಯಿತೆಂದು ಮೊಟ್ಟೆಯಿಂದ ಇಳಿ ತೆಗೆಯುತ್ತಾರೆ, ಹೇಳಿದ ತಾರೀಕಿಗೆ ಬರುವುದೇ ಇಲ್ಲ. ‘ಅವರ ಪದ್ಧತಿ ಅರಿತು ಚಿಕಿತ್ಸೆ ಕೊಡಿ’ ಎಂದು ಕ್ಲಿನಿಕ್ಕಿನವರು ತರಬೇತಿ ಕೊಟ್ಟಿದ್ದಾರೆ. ಮೂಢನಂಬಿಕೆಗೆಲ್ಲ ಆಸ್ಪತ್ರೆಯವರೂ ತಲೆಯಾಡಿಸಬೇಕಾ ಅಂತ ಮಗಳು ಕೇಳುತ್ತಾಳೆ. ನನಗೆ ಉತ್ತರ ಹೊಳೆಯಲಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ಅವಳನ್ನು ಹೆತ್ತಾಗ ನೀವು ಎಷ್ಟು ದಿನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಿರಿ ಅಂತ ಮಗಳಿಗೆ ಹೇಳಿದ್ದೀರಾ? ಮೊದಲು ಅದನ್ನು ಹೇಳಿ. ಮೆಕ್ಸಿಕೋದವರು ಆ 40 ದಿನಕ್ಕೆ ‘ಕ್ವಾರೆಂತೇನಾ’ ಅನ್ನುತ್ತಾರೆ. ಊಟದಲ್ಲಿ ಉಷ್ಣ, ತಂಪು ಎಂಬ ಲೆಕ್ಕವೂ ಅವರಲ್ಲಿದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನರ್ಸು ಪುಸ್ತಕ ಓದಿ ಕಲಿಯಬೇಕಾದ್ದು ನಿಮ್ಮ ಮಗಳಿಗೆ ಅಜ್ಜಿಮನೆಯಲ್ಲೇ ಸಿಕ್ಕಿದೆ.

ತಲೆಯಾಡಿಸಬೇಕಾ ಅಂದರೆ, ಎಲ್ಲದಕ್ಕೂ ಅಲ್ಲ. ಕೂಸಿನ ನೆತ್ತಿ ಗುಳಿ ಬಿದ್ದರೆ ಅವರಲ್ಲಿ ಅದಕ್ಕೊಂದು ಹೆಸರಿದೆ, ‘ಕಾಯಿದಾ ದೆ ಮೊಯೆರಾ’. ಕೆಲವರು ಮಗುವನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಹಾಗೆ ಹಿಡಿಯುವುದು ತಪ್ಪು, ಆದರೆ ಅಜ್ಜಿ ಕಂಡದ್ದು ಸರಿ. ಭೇದಿಯಾಗಿ ಮೈಯ ನೀರು ಆರಿದಾಗ ನೆತ್ತಿ ಗುಳಿ ಬೀಳುತ್ತದೆ. ‘ಚೆನ್ನಾಗಿ ನೋಡಿದಿರಿ ಅಜ್ಜಿ’ ಎಂದು ಹೇಳಿ ಓಆರ್‌ಎಸ್ ಕೈಗಿಟ್ಟರೆ ಅಜ್ಜಿಯೇ ಕುಡಿಸುತ್ತಾಳೆ. ಮೊಟ್ಟೆಯ ಇಳಿ ತೆಗೆದರೆ ಯಾರಿಗೇನು ನಷ್ಟ? ನಾವು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕುವವರು. ಆದರೆ ಹೊಟ್ಟೆ ಕಟ್ಟಿದ ಮಗುವಿಗೆ ‘ಅಸಾರ್ಕೋನ್’ ಎಂಬ ಕಿತ್ತಳೆ ಬಣ್ಣದ ಪುಡಿ ಕೊಡುವುದುಂಟು. ಅದರಲ್ಲಿರುವುದು ಬಹುಪಾಲು ಸೀಸ. 1980ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಇದರಿಂದ ಮಕ್ಕಳಿಗೆ ವಿಷವೇರಿದ್ದು ದಾಖಲಾಗಿದೆ. ಅಲ್ಲಿ ದಾಕ್ಷಿಣ್ಯ ಬೇಡ. ಆದರೆ ಬೈಯುವ ನರ್ಸಿನ ಮುಂದೆ ಯಾವ ತಾಯಿಯೂ ಆ ಪುಡಿಯ ಹೆಸರೆತ್ತುವುದಿಲ್ಲ, ಅದು ನೆನಪಿರಲಿ.

ತಾರೀಕಿಗೆ ಬರುವುದಿಲ್ಲ ಅಂದಿರಲ್ಲ, ಈ ವಿಷಯದಲ್ಲಿ ನಾನೇ ಬುದ್ಧಿ ಕಲಿತವಳು. ಸಕಲೇಶಪುರದ ಕಡೆ ನಾನು ಕೆಲಸಕ್ಕಿದ್ದಾಗ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹೆಂಗಸೊಬ್ಬಳಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬರೆದೆ. ಮಾತು ದಾಟಿಸಿದವನು ಮೇಸ್ತ್ರಿ. ‘ಬೆಳಗ್ಗೆ ತಿಂಡಿಗೆ ಮುಂಚೆ ಒಂದು’ ಅಂದೆ. ಅವಳ ತಿಂಡಿ ಅಂದರೆ ಒಂದು ಲೋಟ ಕರಿ ಚಹಾ. ಅನ್ನ ಕಾಣುವುದು ಮಧ್ಯಾಹ್ನ ಒಂದಕ್ಕೆ. ಮೂರನೇ ದಿನ ಹತ್ತೂವರೆಗೆ ಗಿಡದ ಸಾಲಿನಲ್ಲಿ ಹಣ್ಣಿನ ಚೀಲದ ಮೇಲೇ ಬಿದ್ದಳು. ಸಕ್ಕರೆ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿ ಎಬ್ಬಿಸಿದೆವು. ಚೀಟಿಯ ಮೇಲೆ ನಾನು ಆಗಲೇ ‘ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ’ ಎಂದು ಗೀಚಿದ್ದೆ. ಪಾಪ, ನಾನು ಹೇಳಿದ ಹಾಗೇ ತೆಗೆದುಕೊಂಡಿದ್ದಳು! ಮತ್ತೆ ಬರಲು ಹೇಳಿದ ದಿನ ಬರಲಿಲ್ಲ. ವಿಚಾರಿಸಿದರೆ, ಬಂದರೆ ಆ ದಿನದ ಕೂಲಿ ಹೋಗುತ್ತದೆ, ಜೀಪಿಗೆ ಬೇರೆ ಕೊಡಬೇಕು. ತಿಂಗಳ ತೊಂದರೆ ಇದ್ದದ್ದನ್ನು ಮೇಸ್ತ್ರಿಯ ಎದುರು ಬಾಯಿ ಬಿಟ್ಟಿರಲೇ ಇಲ್ಲ.

ಫ್ರೆಸ್ನೋದಲ್ಲೂ ಇದೇ ಕಥೆ ಎನ್ನಲಾರೆ. ಅಲ್ಲಿಯದೇ ಕಟ್ಟುಗಳಿವೆ. 1938ರ ಅಮೆರಿಕದ ಕೂಲಿ ಕಾನೂನು ಓಟಿ ಹಣ ಕೊಡಿಸುವಾಗ ಹೊಲದ ಕೂಲಿಗಳನ್ನು ಹೊರಗಿಟ್ಟಿತು. 1962ರಲ್ಲಿ ಊರೂರು ಅಲೆಯುವ ಕೂಲಿಗಳ ಕ್ಲಿನಿಕ್ಕುಗಳಿಗೆಂದು ಬೇರೆ ಕಾನೂನೇ ಬಂತು. ಆದರೂ ಕಾಗದಪತ್ರ ಇಲ್ಲದವರು ಸರ್ಕಾರಿ ಕಟ್ಟಡ ಕಂಡರೆ ಹೆದರುತ್ತಾರೆ. ಒಂದು ವಿಚಿತ್ರವೂ ಇದೆ. ಲ್ಯಾಟಿನೋಗಳು, ಅಂದರೆ ಮೆಕ್ಸಿಕೋ, ಕ್ಯೂಬಾ ಮುಂತಾದ ಲ್ಯಾಟಿನ್ ಅಮೆರಿಕ ಮೂಲದವರು, ಅಲ್ಲಿ ಬಿಳಿಯರಿಗಿಂತ ಬಡವರು, ವಿಮೆ ಕಡಿಮೆ, ಆದರೂ ಸರಾಸರಿ ಆಯಸ್ಸು ಬಿಳಿಯರಿಗಿಂತ ಹೆಚ್ಚು. ಸಿಗರೇಟು ಕಡಿಮೆ, ಮನೆ ತುಂಬ ಜನ ಎಂದೆಲ್ಲ ಕಾರಣ ಹೇಳುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಅದೇ ಆಯಸ್ಸು ಸುಮಾರು 4 ವರ್ಷ ಕುಸಿಯಿತು. ದ್ರಾಕ್ಷಿ ಕೊಯ್ಯುವುದು, ಮಾಂಸ ಕತ್ತರಿಸುವುದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಕಾಪಾಡಿದ ಆ ತುಂಬಿದ ಮನೆಯೇ ಸೋಂಕಿಗೂ ದಾರಿಯಾಯಿತು.

ಭಾಷೆಯ ವಿಷಯದಲ್ಲಿ ಮಾತ್ರ ಮಗಳು ಹುಷಾರಾಗಿರಲಿ. 1980ರಲ್ಲಿ ಫ್ಲೋರಿಡಾದಲ್ಲಿ ಕ್ಯೂಬಾ ಮೂಲದ 18ರ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದಾಗ ಆಸ್ಪತ್ರೆಗೆ ತಂದರು. ಮನೆಯವರು ‘ಇಂತೊಕ್ಸಿಕಾದೊ’ ಅಂದರು. ತಿಂದದ್ದು ಮೈಗೆ ಆಗಿಲ್ಲ ಎಂಬುದು ಅವರ ಅರ್ಥ. ವೈದ್ಯರ ಕಿವಿಗೆ ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’, ಅಂದರೆ ಅಮಲೇರಿದೆ, ಎಂಬ ಪದ ಬಿತ್ತು. ಅಮಲಿನ ಮದ್ದು ಅತಿಯಾಗಿದೆ ಎಂದುಕೊಂಡು ಅದಕ್ಕೇ ಚಿಕಿತ್ಸೆ ಮಾಡಿದರು. ಮಿದುಳಿನಲ್ಲಿ ರಕ್ತ ಸೋರುತ್ತಿತ್ತು. ಹುಡುಗನ ಎರಡು ಕೈ, ಎರಡು ಕಾಲು ಸ್ವಾಧೀನ ತಪ್ಪಿಹೋದವು. ನಾಲ್ಕು ಮಾತು ಸ್ಪ್ಯಾನಿಷ್ ಕಲಿತು ನಮಸ್ಕಾರ ಹೇಳಲಿ, ಮಗುವನ್ನು ಎತ್ತಿ ಆಡಿಸಲಿ. ಆದರೆ ರೋಗ ಕೇಳುವಾಗ, ಸಹಿ ಹಾಕಿಸುವಾಗ ತರಬೇತಾದ ದುಭಾಷಿಯೇ ಬೇಕು. ಜೊತೆಗೆ ಬಂದ ಹತ್ತು ವರ್ಷದ ಮಗಳ ಬಾಯಲ್ಲಿ ತಾಯಿಯ ಗರ್ಭಕೋಶದ ಮಾತು ಹೇಳಿಸಬಾರದು.

‘ಪ್ರೊಮೊತೋರಾ’ ಎಂಬ ಹೆಂಗಸರು ಆ ಊರುಗಳಲ್ಲಿ ಇರುತ್ತಾರೆ. ಅದೇ ಜನರ ನಡುವಿನವರು, ಮನೆಮನೆಗೆ ಹೋಗುವವರು. ಹೆಚ್ಚುಕಮ್ಮಿ ನಮ್ಮ ಆಶಾಗಳ ಹಾಗೆ. ಅಂಥವರ ಜೊತೆ ಮಗಳು ಒಂದು ದಿನ ಸುತ್ತಲಿ. ಬಾಣಂತಿಗೆ ತಣ್ಣೀರು ಬೇಡವಾದರೆ ಬಿಸಿನೀರು ಕೊಟ್ಟು ಮಾತ್ರೆ ನುಂಗಿಸಲಿ. ತಾರೀಕು ಕೊಡುವ ಮುಂಚೆ ‘ಯಾವತ್ತು ಬಂದರೆ ಕೂಲಿ ತಪ್ಪುವುದಿಲ್ಲ?’ ಎಂದು ಕೇಳಲಿ.

ಡಿಸೆಂಬರಿನಲ್ಲಿ ಊರಿಗೆ ಬರುವುದಾದರೆ ಒಂದು ಭಾನುವಾರ ನಮ್ಮ ಸಂತೆಗೆ ಕರೆತನ್ನಿ. ತರಕಾರಿ ಸಾಲಿನ ಕೊನೆಯಲ್ಲಿ ಬಿಪಿ ಮೀಟರು ಇಟ್ಟುಕೊಂಡು ಹತ್ತು ಗಂಟೆಯಿಂದ ಕೂತಿರುತ್ತೇನೆ. ಕೊಯ್ಲಿನವರ ಬಟವಾಡೆ ಹಿಂದಿನ ದಿನವೇ ಆಗಿರುತ್ತದೆ, ಎಲ್ಲರೂ ಬಂದೇ ಬರುತ್ತಾರೆ.